ವೇದಿಕೆಯ ಅಡಿಯಲ್ಲಿ ಭಾವ ಇದ್ದರು

ಮೈಕನ್ನು ಸ್ವಲ್ಪ ಹೊತ್ತು ಬಂದ್ ಮಾಡಿದ್ದಕ್ಕೆ ನನಗೆ ತಗಲಿದ ಖರ್ಚು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಆ ಲೋಕಸಭಾ ಚುನಾವಣೆಯ ಸೀಸನ್ ಪೂರ್ತಿ ಹೋಯಿತು. ಶುರುವಾಗುವಾಗಲೇ ಹೋಯಿತು ಅನ್ನಿ. ಶಾಮಿಯಾನದ ಬಟ್ಟೆ ಮಡಚಿಟ್ಟ ಹಾಗೆಯೇ ಗೋಡೌನಿನಲ್ಲಿ ಉಳಿಯಿತು. ಎಷ್ಟೋ ವರ್ಷದ ಪರಿಚಯದ ಒಬ್ಬರು ನನ್ನನ್ನು ಕಂಡರೆ ಈಗಲೂ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಪಾಣೆಮಂಗಳೂರಿನ ಅಂಗಡಿಯ ಬೋರ್ಡನ್ನು ಬಿಚ್ಚಿ ಒಳಗಿಟ್ಟು, ಬಾಗಿಲು ಅರ್ಧ ಎಳೆದುಕೊಂಡು ಕೂತ ದಿನಗಳೂ ಉಂಟು. ಯಾಕೆ ಬಂದ್ ಮಾಡಿದೆ ಅಂದರೆ, ವೇದಿಕೆಯ ಮೇಲೆ ಒಂದು ಪಕ್ಷದ ಅಷ್ಟೂ ದೊಡ್ಡವರು ನಿಂತಿದ್ದರು, ಅದರ ಅಡಿಯಲ್ಲಿ ನನ್ನ ಭಾವ, ಹೆಂಡತಿಯ ಅಣ್ಣ, ಒಬ್ಬರೇ ಕೂತಿದ್ದರು, ಮತ್ತು ಆ ವೇದಿಕೆ ಮುಂದಕ್ಕೆ ಬಾಗುತ್ತಾ ಇತ್ತು.

ನನ್ನದು ಶಾಮಿಯಾನ ಮತ್ತು ಮೈಕ್ ಸೆಟ್ಟಿನ ವ್ಯಾಪಾರ. ಬಾಡಿಗೆಗೆ ತಂದ ಒಂದು ಹಾರ್ನನ್ನು ಬಾಡಿಗೆ ರಿಕ್ಷಾಕ್ಕೆ ಕಟ್ಟಿ ಬಿ.ಸಿ.ರೋಡಿನಲ್ಲಿ ಸುತ್ತುತ್ತಿದ್ದವನು ನಾನು. ಈಗ ಮದುವೆ, ಉರೂಸ್, ಯಕ್ಷಗಾನ, ಶಾಲಾ ವಾರ್ಷಿಕೋತ್ಸವ, ಎಲ್ಲದಕ್ಕೂ ನನ್ನ ಲಾರಿ ಹೋಗುತ್ತದೆ. ಚುನಾವಣೆ ಬಂದರೆ ಎಲ್ಲ ಪಕ್ಷಕ್ಕೂ ಕೊಡುತ್ತೇನೆ. ಬಣ್ಣ ಇರುವುದು ಬಟ್ಟೆಗೆ, ಕಂಬಕ್ಕೆ ಇಲ್ಲ. ದರದಲ್ಲಿ ಮಾತ್ರ ನಾನು ಗಟ್ಟಿ. ನನ್ನ ಹತ್ತಿರ ಚೌಕಾಸಿಯ ಚರ್ಚೆ ಮಾಡಿ ಕಡಿಮೆ ಮಾಡಿಸಿಕೊಂಡೆ ಅಂತ ಸಂತೋಷದಿಂದ ಹೋದವರಿಗೆ ಆಮೇಲೆ ಯೋಚನೆ ಮಾಡಿದರೆ ಗೊತ್ತಾಗುತ್ತದೆ, ನಾನು ಹೇಳಬೇಕೆಂದಿದ್ದ ದರಕ್ಕೇ ಅವರು ಬಂದು ನಿಂತಿರುತ್ತಾರೆ.

ಭಾವ ನನ್ನ ಜೊತೆ ಮೊದಲಿನಿಂದಲೂ ಇದ್ದವರು. ನಾನು ಮೈಕ್, ಅವರು ಮರ. ವೇದಿಕೆ ಕಟ್ಟುವುದು, ಬಿಚ್ಚುವುದು, ಸ್ಟ್ಯಾಂಡಿನ ಕಾಲಿಗೆ ಬೆಣೆ ಕೊಡುವುದು ಎಲ್ಲ ಅವರದ್ದು. ದೊಡ್ಡ ಸಭೆ ಇದ್ದಾಗ ನಮ್ಮಲ್ಲಿ ಒಂದು ಕ್ರಮ ಇತ್ತು. ಇತ್ತು ಅಂತಲೇ ಹೇಳುತ್ತೇನೆ, ಈಗ ಇಲ್ಲ. ಸಭೆ ಮುಗಿಯುವವರೆಗೆ ಭಾವ ವೇದಿಕೆಯ ಕೆಳಗೆ, ಸುತ್ತ ಕಟ್ಟಿದ ಬಟ್ಟೆಯ ಒಳಗೆ, ಒಂದು ಸುತ್ತಿಗೆ ಮತ್ತು ಒಂದು ಗೋಣಿಚೀಲ ಬೆಣೆ ಇಟ್ಟುಕೊಂಡು ಕೂತಿರುತ್ತಿದ್ದರು. ಎಲ್ಲಾದರೂ ಕಾಲು ಸಡಿಲವಾದರೆ ಅಲ್ಲಿಗೆ ತೆವಳಿ ಹೋಗಿ ಬೆಣೆ ಬಡಿಯುವುದು. ಸ್ಪೀಕರಿನ ಅಬ್ಬರದಲ್ಲಿ ಫೋನು ಕೇಳುವುದಿಲ್ಲ. ಅದಕ್ಕೆ ಒಂದು ನೈಲಾನ್ ಹಗ್ಗ ಅವರ ಕೈಯಿಂದ ವೇದಿಕೆಯ ಹಿಂದಿನ ಮೂಲೆಯಲ್ಲಿ, ಬದಿಯಿಂದ ಮುಂದಿನ ತುದಿಯೂ ಕಾಣುವ ಹಾಗೆ ಇಟ್ಟ ನನ್ನ ಮಿಕ್ಸರ್ ಟೇಬಲ್ಲಿಗೆ. ಒಮ್ಮೆ ಜಗ್ಗಿದರೆ ಸರಿ ಉಂಟು ಅಂತ. ಎರಡು ಸಲ ಜಗ್ಗಿದರೆ ಮೇಲೆ ಜನ ಹೆಚ್ಚಾದರು, ಇಳಿಸು ಅಂತ. ಎಳೆದು ಬಿಡದೆ ಹಿಡಿದರೆ ಏನು ಅಂತ ನಾವು ಒಮ್ಮೆ ಮಾತಾಡಿಕೊಂಡಿದ್ದೆವು, ಆದರೆ ಅದು ಯಾವತ್ತೂ ಬಂದಿರಲಿಲ್ಲ.

ಆ ವರ್ಷ ಚುನಾವಣೆಯ ದಿನಾಂಕ ಬಂದಿತ್ತು, ಅಭ್ಯರ್ಥಿ ಯಾರು ಅಂತ ಬಂದಿರಲಿಲ್ಲ. ಈ ಮಧ್ಯದ ದಿನಗಳನ್ನು ನೀವು ಗಮನಿಸಿದ್ದೀರೋ ಗೊತ್ತಿಲ್ಲ. ಟಿಕೆಟ್ ಆದ ಮೇಲಿನ ಪ್ರಚಾರ ಬೇರೆ, ಅದರ ಮುಂಚಿನದ್ದು ಬೇರೆ. ಮುಂಚೆ ಬರುವ ನಾಯಕರು ಇನ್ನೂ ಪಾಠ ಕಲಿಯುತ್ತಾ ಇರುತ್ತಾರೆ. ಯಾವ ಮಾತಿಗೆ ಚಪ್ಪಾಳೆ ಬೀಳುತ್ತದೆ, ಯಾವುದಕ್ಕೆ ಜನ ಕುರ್ಚಿ ಸರಿಸುತ್ತಾರೆ, ಎಲ್ಲ ನೋಡುತ್ತಾ ಹೋಗುತ್ತಾರೆ. ನಾವು ಹೊಸ ಸ್ಪೀಕರನ್ನು ಮೊದಲು ಸಣ್ಣ ಕಾರ್ಯಕ್ರಮಕ್ಕೆ ಕಳಿಸಿ ಪರೀಕ್ಷೆ ಮಾಡುವುದಿಲ್ಲವೇ, ಹಾಗೆ.

ನಮ್ಮ ಕಡೆಗೆ ಬಂದವರು ಆ ಪಕ್ಷದ ಮೇಲಿನ ಸಾಲಿನ ಒಬ್ಬ ನಾಯಕರು. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ, ಒಂದೇ ವಾರದಲ್ಲಿ ಮೂರು ಸಭೆ. ಮೂರಕ್ಕೂ ನನ್ನದೇ ವೇದಿಕೆ. ಆ ಪಕ್ಷದ ನಮ್ಮ ತಾಲೂಕಿನ ಮುಖಂಡರೊಬ್ಬರು ನನ್ನನ್ನು ಗೊತ್ತು ಮಾಡಿದ್ದರು. ಅವರ ಮಗಳ ಮದುವೆಗೆ ಚಪ್ಪರ ಹಾಕಿದವನು ನಾನೇ.

ಮೂಡುಬಿದಿರೆಯಲ್ಲಿ ಹೆದರಿಕೆ ಏನೂ ಇರಲಿಲ್ಲ. ಈ ನಾಯಕರ ಕೈಯಲ್ಲಿ ಟಿಕೆಟ್ ಉಂಟೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ವೇದಿಕೆಯಲ್ಲಿ ಕುರ್ಚಿ ಖಾಲಿ ಉಳಿದಿತ್ತು. ನಾಯಕರು ಎದ್ದು ಕೈಮುಗಿದು, ಸಾವಿರ ಕಂಬದ ಊರಿನಲ್ಲಿ ನಿಂತಿದ್ದೇನೆ, ನೀವು ಒಬ್ಬೊಬ್ಬರೂ ನನಗೆ ಒಂದು ಕಂಬ ಅಂದರು. ಸಾಧಾರಣ ಚಪ್ಪಾಳೆ. ಆಮೇಲೆ ಚೀಟಿ ನೋಡಿ ತುಳುವಿನಲ್ಲಿ "ಮಾತೆರೆಗ್ಲಾ ಸೊಲ್ಮೆಲು", ಎಲ್ಲರಿಗೂ ವಂದನೆ, ಅನ್ನಲು ಹೋಗಿ ಎಡವಿದರು. ಜನ ನಕ್ಕರು, ಮನೆಯ ಮಗು ತಪ್ಪು ಹೇಳಿದರೆ ನಗುವ ಹಾಗೆ. ನಾಯಕರು ಆ ನಗುವನ್ನು ಕೇಳಿದರು. ಕೇಳಿದ್ದು ನನಗೆ ಕಂಡಿತು. ಎರಡು ದಿನ ಬಿಟ್ಟು ಬೆಳ್ತಂಗಡಿಯಲ್ಲಿ ಚೀಟಿ ಇರಲಿಲ್ಲ, ಆದರೂ ಅದೇ ಜಾಗದಲ್ಲಿ ಎಡವಿದರು. ಇನ್ನೂ ದೊಡ್ಡ ನಗು ಬಂತು.

ಭಾಷಣದ ನಡುವೆ ಅವರು ತಮ್ಮ ತಾಯಿಯ ಸುದ್ದಿ ತೆಗೆಯುವಾಗಲೂ ಹೀಗೆಯೇ. ಮೂಡುಬಿದಿರೆಯಲ್ಲಿ ಅಲ್ಲಿ ನಿಜಕ್ಕೂ ಸ್ವರ ಕಟ್ಟಿತು. ನನ್ನ ಮಿಕ್ಸರಿನಲ್ಲಿ ಸ್ವರದ ಏರಿಳಿತಕ್ಕೆ ಸಣ್ಣ ಹಸಿರು ದೀಪಗಳ ಸಾಲು ಉಂಟು. ಮನುಷ್ಯನಿಗೆ ದುಃಖ ಬಂದರೆ ಆ ದೀಪ ಒಂದೊಂದಾಗಿ ಕೆಳಗಿಳಿಯುತ್ತದೆ. ಬೆಳ್ತಂಗಡಿಯಲ್ಲಿ ಕರ್ಚೀಫು ಕಣ್ಣಿಗೆ ಹೋಯಿತು, ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು, ದೀಪ ಮಾತ್ರ ಇದ್ದಲ್ಲೇ ಇತ್ತು. ನಾನು ದೂರು ಹೇಳುವುದಲ್ಲ. ನಾನೂ ವ್ಯಾಪಾರಿ. ಒಂದು ಕಡೆ ನಡೆದ ಮಾತನ್ನು ಇನ್ನೊಂದು ಗಿರಾಕಿಯ ಹತ್ತಿರ ನಾನೂ ಹೇಳುತ್ತೇನೆ.

ಹೆದರಿಕೆ ಶುರುವಾದದ್ದು ಬೆಳ್ತಂಗಡಿಯಲ್ಲಿ, ಲಾಯಿಲದ ಹತ್ತಿರದ ಒಂದು ಮೈದಾನದಲ್ಲಿ. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿತ್ತು, ಈ ಕ್ಷೇತ್ರದ ಟಿಕೆಟ್ ಇದೇ ನಾಯಕರು ಹೇಳಿದವರಿಗೆ ಅಂತ. ಸರಿ, ಆಸೆ ಇದ್ದವರೆಲ್ಲ ಬಂದರು. ಒಬ್ಬೊಬ್ಬರ ಹಿಂದೆ ಅವರವರ ಜನ. ನಮ್ಮ ಜಿಲ್ಲೆಯ ಸಭೆ ನಿಮಗೆ ಗೊತ್ತಲ್ಲ? ನಿರೂಪಕ ಮೈಕಿನಲ್ಲಿ ಹೆಸರು ಕರೆದು "ವೇದಿಕೆಯನ್ನು ಅಲಂಕರಿಸಬೇಕು" ಅನ್ನಬೇಕು. ಹೆಸರು ಬಿಟ್ಟು ಹೋದರೆ ಅದು ಅವರ ಜೀವಮಾನದ ಸಿಟ್ಟು. ಹಾಗಾಗಿ ಕೆಳಗಿನಿಂದ ಚೀಟಿ ಬರುತ್ತಲೇ ಇರುತ್ತದೆ, ನಿರೂಪಕ ಕರೆಯುತ್ತಲೇ ಇರುತ್ತಾನೆ. ಹತ್ತಿದವರನ್ನು ಇಳಿಯಿರಿ ಅನ್ನುವ ಬಾಯಿ ಯಾರಿಗೂ ಇಲ್ಲ. ಮನೆಗೆ ಬಂದವರನ್ನು ಊಟದ ಎಲೆಯಿಂದ ಏಳಿಸಿದ ಹಾಗೆ ಅದು.

ಕೊನೆಯಲ್ಲಿ ನಾಯಕರು ಎರಡೂ ಬದಿಯವರ ಕೈ ಹಿಡಿದು ಮೇಲೆತ್ತಿದರು. ಫೋಟೋ. ಯಾರ ಕೈ ನಾಯಕರ ಕೈಯಲ್ಲಿ ಉಂಟೋ ಅವರಿಗೇ ಟಿಕೆಟ್ ಅಂತ ಮರುದಿನ ಪೇಪರಿನಲ್ಲಿ ಜನ ಓದುತ್ತಾರೆ. ಹಾಗಾಗಿ ಕುರ್ಚಿಯಲ್ಲಿ ಇದ್ದವರು, ಹಿಂದೆ ನಿಂತವರು ಎಲ್ಲ ಒಟ್ಟಿಗೆ ವೇದಿಕೆಯ ಮುಂದಿನ ತುದಿಗೆ ನುಗ್ಗಿದರು. ಹಗ್ಗ ಎರಡು ಸಲ ಜಗ್ಗಿತು. ಒಂದು ಹಲಗೆ ಕಿರ್ ಅಂದದ್ದು ನನಗೆ ಕಿವಿಯಲ್ಲಿ ಕೇಳಲಿಲ್ಲ, ಮೈಕಿನಲ್ಲಿ ಕೇಳಿತು. ಅಷ್ಟರಲ್ಲಿ ಫೋಟೋ ಮುಗಿದು ಜನ ಚದುರಿದರು.

ಭಾವ ಹೊರಗೆ ಬಂದು ಬೀಡಿ ಹಚ್ಚಿದರು. ಆಮೇಲೆ ಹೇಳಿದರು, ಜನ ಕೂತಿದ್ದರೆ ಎಷ್ಟಿದ್ದರೂ ತೊಂದರೆ ಇಲ್ಲ, ಭಾರ ಎಲ್ಲ ಕಾಲಿಗೂ ಹಂಚಿ ಹೋಗುತ್ತದೆ. ಹೀಗೆ ಎಲ್ಲರೂ ಮುಂದಿನ ಸಾಲಿನ ಕಾಲುಗಳ ಮೇಲೆ ನಿಂತರೆ ಆಗುವುದಿಲ್ಲ. ಇಲ್ಲಿ ಮುರಕಲ್ಲಿನ ಗಟ್ಟಿ ನೆಲ ಇತ್ತು, ತಡೆಯಿತು. ಬಂಟ್ವಾಳದಲ್ಲಿ ನೆಲ ಹೇಗೆ ಅಂತ ಕೇಳಿದರು.

ಬಂಟ್ವಾಳದ ನೆಲ ನಾನು ನೋಡಿ ಬಂದಿದ್ದೆ. ಕೊಯ್ಲಾದ ಗದ್ದೆ. ಜನ ಹೆಚ್ಚು ಬರುತ್ತಾರೆ ಅಂತ ಪಕ್ಷದವರು ಜೆಸಿಬಿ ತರಿಸಿ, ಬದು ಕೆಡವಿ, ಕೆಂಪು ಮಣ್ಣು ಹಾಕಿ ಸಮ ಮಾಡಿಸಿದ್ದರು. ವೇದಿಕೆ ಅರ್ಧ ಹಳೆಯ ನೆಲದ ಮೇಲೆ, ಅರ್ಧ ಹೊಸ ಮಣ್ಣಿನ ಮೇಲೆ ಬರುತ್ತಿತ್ತು. ಮುಂದಿನ ಸಾಲು ಪೂರ್ತಿ ಹೊಸ ಮಣ್ಣಿನ ಮೇಲೆ. ಸಭೆಯ ಹಿಂದಿನ ಸಂಜೆ ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬೇರೆ ಹೊಡೆಯಿತು.

ನಾನು ಮುಖಂಡರ ಹತ್ತಿರ ಹೋದೆ. ವೇದಿಕೆಯನ್ನು ಹಿಂದಕ್ಕೆ ಹಾಕುವ ಅಂದೆ. ಹಿಂದೆ ಹಾಕಿದರೆ ಹೆದ್ದಾರಿಯಿಂದ ಕಾಣುವುದಿಲ್ಲ ಅಂದರು. ಹಾಗಾದರೆ ಎತ್ತರ ತಗ್ಗಿಸುವ ಅಂದೆ. ಎದುರು ಪಕ್ಷದವರದ್ದು ಹೋದ ತಿಂಗಳು ಇಷ್ಟೇ ಎತ್ತರ ಇತ್ತು, ನಮ್ಮದು ಅದಕ್ಕಿಂತ ಕಡಿಮೆ ಹೇಗೆ ಆಗುತ್ತದೆ ಅಂತ ಕೇಳಿದರು. ಕೊನೆಗೆ ನಾನು ಕುರ್ಚಿಗೆ ಬಂದೆ. ಜೀವನದಲ್ಲಿ ಬಹಳ ವಸ್ತುಗಳಿಗೆ ಚರ್ಚೆ ಮಾಡಿದ್ದೇನೆ, ತಲೆಗಳಿಗೆ ಚರ್ಚೆ ಮಾಡಿದ್ದು ಅದೇ ಮೊದಲು.

"ಸಾಹೇಬ್ರೇ, ನಿಮ್ಮದು ಮದುವೆ ಸ್ಟೇಜಿನ ಲೆಕ್ಕ," ಅಂದರು ಅವರು. "ಅಲ್ಲಿ ಮದುಮಕ್ಕಳು ಇಬ್ಬರೇ. ಇಲ್ಲಿ ಬಂದವರೆಲ್ಲ ಮದುಮಗ."

"ಮದುಮಗ ಎಷ್ಟು ಬೇಕಾದ್ರೂ ಇರ್ಲಿ," ಅಂದೆ ನಾನು. "ಕೂತೇ ಇರ್ಲಿ. ಆ ಕೈ ಎತ್ತುವ ಫೋಟೋ ಒಂದು ಕೆಳಗೆ ನೆಲದಲ್ಲಿ ಇಟ್ಟುಕೊಳ್ಳುವ."

ಅವರು ನಕ್ಕರು. ಕೆಳಗೆ ಇಳಿದ ನಾಯಕನಿಗೆ ಯಾರು ಬೆಲೆ ಕೊಡ್ತಾರೆ ಮಾರಾಯ್ರೆ ಅಂದರು. ಅಂತೂ ಇಂತೂ ಎರಡು ಸಾಲು ಕುರ್ಚಿ, ಅದಕ್ಕಿಂತ ಹೆಚ್ಚು ಒಬ್ಬರೂ ಇಲ್ಲ ಅಂತ ಮಾತಾಯಿತು. ಕೈ ಮೇಲೆ ಕೈ ಹಾಕಿ ಮಾತಾಯಿತು. ಆದರೂ ನನಗೆ ಧೈರ್ಯ ಬರಲಿಲ್ಲ. ನಾನು ಗೆದ್ದ ಚರ್ಚೆಯಲ್ಲಿ ಎದುರಿನವರ ಮುಖ ಹಾಗೆ ಆರಾಮ ಇರುವುದಿಲ್ಲ.

ಸಭೆಯ ದಿನ ಮಧ್ಯಾಹ್ನ ಪೊಲೀಸರು ವೇದಿಕೆಯ ಅಡಿಯನ್ನು ಟಾರ್ಚ್ ಹಾಕಿ ನೋಡಿದರು. ಭಾವನ ಗುರುತಿನ ಚೀಟಿ ನೋಡಿ, ಗೋಣಿಚೀಲ ಮಗುಚಿ ಬೆಣೆ ಎಣಿಸಿ, ಎಎಸ್ಐ ಒಂದೇ ಮಾತು ಹೇಳಿದರು. ಒಳಗೆ ಇರುವುದಾದರೆ ಈಗ ಹೋಗಬೇಕು, ನಾಯಕರ ಕಾರು ಗೇಟು ದಾಟುವವರೆಗೆ ಹೊರಗೆ ಬರುವ ಹಾಗಿಲ್ಲ. ಬಟ್ಟೆಯನ್ನು ಸುತ್ತಲೂ ಮೊಳೆ ಹೊಡೆದು ಬಿಗಿಯುತ್ತೇವೆ. ಬಟ್ಟೆ ಎತ್ತಿ ಯಾರಾದರೂ ಹೊರಗೆ ಬಂದರೆ ನಮ್ಮವರು ಕೇಳುವುದಕ್ಕೆ ನಿಲ್ಲುವುದಿಲ್ಲ.

ನಾನು ಭಾವನಿಗೆ ಬೇಡ ಅಂದೆ. ಹೊರಗೇ ಇರಿ, ಏನಾದರೂ ಆದರೆ ನೋಡುವ ಅಂದೆ.

"ಏನಾದ್ರೂ ಆದ್ಮೇಲೆ ನೋಡ್ಲಿಕ್ಕೆ ಏನುಂಟು?" ಅಂದರು ಭಾವ. "ಮುಂದಿನ ಕಾಲು ಮಣ್ಣಿನಲ್ಲಿ ಉಂಟು. ನಾನು ಒಳಗಿದ್ರೆ ಬೆಣೆ ಕೊಡ್ಬಹುದು. ನೀನು ಮೇಲೆ ಜನ ನೋಡ್ಕೋ."

ಬಗ್ಗಿ ಒಳಗೆ ಹೋದರು. ಪೊಲೀಸರು ಬಟ್ಟೆ ಬಿಗಿದರು. ಪಕ್ಷದ ಹುಡುಗರು ಮೇಲೆ ಮುಂದಿನ ತುದಿಯಲ್ಲಿ ಹೂವಿನ ಕುಂಡ ಇಟ್ಟರು. ನೋಡಿದರೆ ಚಂದದ ವೇದಿಕೆ.

ಎರಡು ಸಾಲು ಕುರ್ಚಿ ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ ಚೀಟಿ ಬರಲು ಶುರುವಾಯಿತು. ನಿರೂಪಕ ಒಬ್ಬ ಕಾಲೇಜು ಉಪನ್ಯಾಸಕ, ಒಳ್ಳೆಯ ಸ್ವರ, ಒಳ್ಳೆಯ ಮನುಷ್ಯ. ಯಾರಿಗೂ ಬೇಜಾರು ಮಾಡಲಾರ. ಅವನು ಕರೆದ ಹಾಗೆ ಜನ ಹತ್ತಿದರು, ಕುರ್ಚಿಯ ಹಿಂದೆ ನಿಂತರು, ಬದಿಯಲ್ಲಿ ನಿಂತರು. ಹತ್ತಿದವರಿಗೆ ಶಾಲು ಹಾಕುವುದಕ್ಕೆ ಬೇರೆ ಜನ ಹತ್ತಿದರು, ಶಾಲು ಹಾಕಿದವರು ಇಳಿಯಲಿಲ್ಲ. ಹಗ್ಗ ಎರಡು ಸಲ ಜಗ್ಗಿತು. ನಾನು ಒಂದು ಕಾಗದದಲ್ಲಿ "ಇನ್ನು ಯಾರನ್ನೂ ಕರೆಯಬೇಡಿ, ವೇದಿಕೆ ತಡೆಯುವುದಿಲ್ಲ" ಅಂತ ಬರೆದು ನಿರೂಪಕನಿಗೆ ಕಳಿಸಿದೆ. ಅವನು ನನ್ನ ಕಡೆ ನೋಡಿ ತಲೆಯಾಡಿಸಿ, ಆ ಕಾಗದವನ್ನು ಬಿಡಿಸದೆಯೇ, ಕೈಯಲ್ಲಿದ್ದ ಚೀಟಿಗಳ ಕಟ್ಟಿನ ಅಡಿಗೆ ಸೇರಿಸಿದ. ಇನ್ನೊಂದು ಹೆಸರು ಅಂತ ತಿಳಿದುಕೊಂಡ. ಸರದಿ ಬಂದಾಗ ಓದುತ್ತಿದ್ದನೋ ಏನೋ.

ನಾಯಕರು ಬಂದರು. ಜೈಕಾರ, ಪಟಾಕಿ. ಅವರ ಹಿಂದೆ ಇನ್ನೊಂದಿಷ್ಟು ಜನ ಹತ್ತಿದರು. ನಾನು ಟೇಬಲ್ ಬಿಟ್ಟು ಓಡಿ ಮೆಟ್ಟಿಲಿನ ಹತ್ತಿರ ಮುಖಂಡರನ್ನು ಹಿಡಿದೆ. ಮಾತು ಹೀಗಿರಲಿಲ್ಲ ಅಂದೆ. ಅಡಿಯಲ್ಲಿ ನನ್ನ ಮನುಷ್ಯ ಇದ್ದಾನೆ ಅಂದೆ. ಅವರಿಗೂ ಬೆವರು ಇಳಿಯುತ್ತಿತ್ತು.

"ಯಾರನ್ನು ಇಳಿಸ್ಲಿ? ನೀವೇ ಒಂದು ಹೆಸರು ಹೇಳಿ," ಅಂದರು. "ಅವರ ಕೈ ಹಿಡಿದು ನೀವೇ ಇಳಿಸಿ. ನಾನು ಹಿಂದೆ ಇರ್ತೇನೆ."

ನಾನು ಮೇಲೆ ನೋಡಿದೆ. ನನ್ನ ಗಿರಾಕಿಗಳೇ ಅರ್ಧ. ಒಬ್ಬರ ಹೊಸ ಮನೆಯ ಒಕ್ಕಲಿಗೆ ಕುರ್ಚಿ ಕಳಿಸಿದ್ದೆ, ಇನ್ನೊಬ್ಬರ ತಂದೆ ತೀರಿಕೊಂಡಾಗ ಚಪ್ಪರ ಹಾಕಿದ್ದೆ. ನನ್ನ ಬಾಯಿಂದಲೂ ಒಂದು ಹೆಸರು ಬರಲಿಲ್ಲ. ಟೇಬಲ್ಲಿಗೆ ವಾಪಸ್ ಬಂದು ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡೆ.

ಭಾಷಣ ಶುರುವಾಯಿತು. ತುಳುವಿನಲ್ಲಿ ಎಡವಿದ್ದು, ತಾಯಿ, ಕರ್ಚೀಫು, ಎಲ್ಲ ಇದ್ದಲ್ಲಿ ಇತ್ತು. ನಾನು ಯಾವುದನ್ನೂ ಕೇಳುತ್ತಿರಲಿಲ್ಲ. ಅವರ ಕಾಲು ನೋಡುತ್ತಿದ್ದೆ. ಜೋರಾಗಿ ಹೇಳಬೇಕಾದಾಗ ಎಡಗಾಲನ್ನು ನೆಲಕ್ಕೆ ಕುಟ್ಟುವ ಅಭ್ಯಾಸ ಅವರಿಗೆ. ಕುಟ್ಟಿದಾಗಲೆಲ್ಲ ಮುಂದಿನ ಹೂವಿನ ಕುಂಡ ಅಲುಗುತ್ತಿತ್ತು. ಒಂದು ಸಲ ಕುಟ್ಟಿದ ಕಾಲನ್ನು ಅವರು ನಿಧಾನಕ್ಕೆ ಎತ್ತಿ, ಮೆಲ್ಲ ಇಟ್ಟರು. ಆಮೇಲೆ ಕುಟ್ಟಲೇ ಇಲ್ಲ. ಮುಖದಲ್ಲಿ ನಗು ಹಾಗೆಯೇ ಇತ್ತು. ಆದರೆ ಹಸಿರು ದೀಪಗಳು ಮೇಲಕ್ಕೆ ಹೋಗಿ ಕೆಂಪಿನ ಹತ್ತಿರ ನಡುಗಿದವು. ಸ್ವರ ತೆಳ್ಳಗಾಗಿತ್ತು. ಆ ಸ್ವರ ನನಗೆ ಗೊತ್ತು. ಹೆದರಿದ ಮನುಷ್ಯನದ್ದು. ಅವರಿಗೂ ಕಾಲಡಿ ಗೊತ್ತಾಗಿದೆ ಅಂತ ತಿಳಿದು ನನ್ನ ಹೆದರಿಕೆ ಕಡಿಮೆಯಾಗಬೇಕಿತ್ತು. ಇಮ್ಮಡಿಯಾಯಿತು. ಯಾಕೆಂದರೆ ಗೊತ್ತಾದರೂ ಅವರು ಹಿಂದೆ ಸರಿಯಲಿಲ್ಲ.

ಕೊನೆಗೆ ಅವರು ಎರಡೂ ತೋಳು ಚಾಚಿ, "ನಮ್ಮ ಒಗ್ಗಟ್ಟನ್ನು ದೇಶ ನೋಡಲಿ, ನಮ್ಮ ಸ್ವರ ಕೇಳಲಿ" ಅಂದರು. ವೇದಿಕೆಯ ಅಷ್ಟೂ ಜನ ಎದ್ದರು. ಕುರ್ಚಿಗಳು ಮಗುಚಿ ಬಿದ್ದವು. ಎಲ್ಲರೂ ಮುಂದಕ್ಕೆ. ನನ್ನ ಮುಂಗೈಯ ಹಗ್ಗ ಬಿಗಿಯಿತು, ಬಿಗಿದದ್ದು ಸಡಿಲವಾಗಲಿಲ್ಲ. ಭಾವ ಹಿಡಿದುಕೊಂಡಿದ್ದರು.

ಕೂಗಿದರೆ ಕೇಳುವುದಿಲ್ಲ. ಮೈಕಿನಲ್ಲಿ ವೇದಿಕೆ ಮುರಿಯುತ್ತದೆ ಅಂತ ಹೇಳಿದರೆ ಮೇಲಿನವರು ಹಾರುತ್ತಾರೆ, ಕೆಳಗಿನ ಹೆಂಗಸರು ಮಕ್ಕಳು ಓಡುತ್ತಾರೆ, ತುಳಿದಾಟ ಆಗುತ್ತದೆ. ನನಗೆ ಒಂದೇ ಒಂದು ವಿಷಯ ಖಚಿತವಾಗಿ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಮೈಕ್ ಕೈಕೊಟ್ಟಾಗಲೆಲ್ಲ ವೇದಿಕೆಯಲ್ಲಿ ಇದ್ದ ಒಬ್ಬೊಬ್ಬ ದೊಡ್ಡ ಮನುಷ್ಯನೂ ಹಿಂದೆ ತಿರುಗಿ ಮೈಕಿನವನನ್ನು ಬೈಯಲು ಬರುತ್ತಾನೆ. ನಾನು ಕೂತದ್ದು ವೇದಿಕೆಯ ಹಿಂದೆ. ಸ್ವಿಚ್ ಒತ್ತಿದೆ.

ಆ ಮೌನ ಈಗಲೂ ನನ್ನ ಕಿವಿಯಲ್ಲಿ ಉಂಟು. ಗದ್ದೆಯ ತುಂಬ ಜನ, ಒಂದು ಸದ್ದಿಲ್ಲ. ಹೆದ್ದಾರಿಯಲ್ಲಿ ಒಂದು ಬಸ್ಸಿನ ಕಂಡಕ್ಟರ್ ಮಂಗಳೂರು ಮಂಗಳೂರು ಅಂತ ಕರೆಯುವುದು ಕೇಳಿತು. ಮತ್ತೆ ವೇದಿಕೆಯ ಜನ ಹಿಂದೆ ತಿರುಗಿದರು. ಒಬ್ಬ, ಇಬ್ಬರು, ಆಮೇಲೆ ಎಲ್ಲರೂ, ಕೈ ತೋರಿಸುತ್ತಾ ನನ್ನ ಕಡೆ ನಡೆದು ಬಂದರು. ಯಾರ ಹತ್ತಿರ ದುಡ್ಡು ತಗೊಂಡಿದ್ದಿ ಅಂತ ಕೇಳಿದರು. ನನ್ನ ಜಾತಿ ಹಿಡಿದು ಬೈದರು. ಒಬ್ಬ ಇಳಿದು ಬಂದು ಟೇಬಲ್ಲಿಗೆ ಒದ್ದ. ನಾನು ಫ್ಯೂಸ್, ಫ್ಯೂಸ್ ಅನ್ನುತ್ತಾ ಸ್ವಿಚ್ಚಿನ ಮೇಲೆ ಕೈ ಮುಚ್ಚಿ ಕೂತಿದ್ದೆ. ಮುಂದಿನ ತುದಿಯಲ್ಲಿ ನಾಯಕರು ಒಬ್ಬರೇ ಉಳಿದರು, ಎತ್ತಿದ ಕೈ ಎತ್ತಿದ ಹಾಗೆಯೇ. ಮೈಕ್ ಇಲ್ಲದೆ ಅವರು ಸಣ್ಣವರಾಗಿ ಕಂಡರು.

ಹಗ್ಗದ ಬಿಗಿ ಬಿಟ್ಟಿತು, ಅಡಿಯಿಂದ ಸುತ್ತಿಗೆಯ ಸದ್ದು ಬಂತು. ಒಂದರ ಹಿಂದೆ ಒಂದು. ನಿಂತಿತು. ಹಗ್ಗ ಒಮ್ಮೆ ಜಗ್ಗಿತು.

ನಾಯಕರು ಮೆಟ್ಟಿಲಿಳಿಯುವಾಗ ನನ್ನ ಟೇಬಲ್ಲಿನ ಹತ್ತಿರ ಹಾದು ಹೋದರು. ಸುತ್ತಲಿನವರಿಗೆ ಕೇಳದ ಹಾಗೆ, "ಹಲಗೆ ಹೋಗ್ತಿತ್ತು ಅಲ್ವಾ?" ಅಂದರು. ನಾನು ಹೌದು ಅಂದೆ. ತಲೆಯಾಡಿಸಿ ಹೋದರು. ಬೈಯುವವರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಕಾರು ಗೇಟು ದಾಟಿದ ಮೇಲೆ ಪೊಲೀಸರು ಬಟ್ಟೆ ಬಿಚ್ಚಿದರು. ಭಾವನ ತಲೆ ತುಂಬ ಮರದ ಪುಡಿ. ಬೆಣೆ ಕೊಡುವಾಗ ಮೇಲಿನ ತೊಲೆ ಕುಸಿದು ಎಡಗೈಯ ಎರಡು ಬೆರಳು ಸಿಕ್ಕಿಕೊಂಡಿದ್ದವು. ಬೆರಳು ಸಿಕ್ಕಿದ ಮೇಲೆ ಬಲಗೈಯಲ್ಲಿ ಹಗ್ಗ ಹಿಡಿದದ್ದು. ಜನ ಹಿಂದೆ ಸರಿದು ತೊಲೆ ಒಂದಿಷ್ಟು ಮೇಲೆದ್ದಾಗ ಬೆರಳು ಬಿಡಿಸಿಕೊಂಡು ಬೆಣೆ ಬಡಿದರು. ಒಳಗೆ ಹೋಗಿ ನೋಡಿದೆ. ಮುಂದಿನ ಕಾಲುಗಳು ಕೆಂಪು ಮಣ್ಣಿನಲ್ಲಿ ಒಂದು ಗೇಣು ಇಳಿದಿದ್ದವು. ತೊಲೆ ಉದ್ದಕ್ಕೆ ಸೀಳಿತ್ತು. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಚಹಾ ತಂದೆ, ಅವರ ಬಲಗೈ ಎಡಗೈಯನ್ನು ಬಿಗಿ ಹಿಡಿದುಕೊಂಡಿತ್ತು. ನಾನೇ ಬಾಯಿಗೆ ಹಿಡಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮರುದಿನ ಬೇರೆ ತಾಲೂಕಿನ ಸಭೆಯ ವಿಡಿಯೋ ವಾಟ್ಸಾಪಿನಲ್ಲಿ ಬಂತು. ಬಂಟ್ವಾಳದಲ್ಲಿ ನನ್ನ ಸ್ವರವನ್ನು ಅಡಗಿಸಿದರು ಅಂತ ನಾಯಕರು ಹೇಳುತ್ತಿದ್ದರು. ಒಂದು ಕ್ಷಣ ಸುಮ್ಮನೆ ನಿಂತು, ಮೈಕನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಭಾರೀ ಚಪ್ಪಾಳೆ. ವಿಡಿಯೋ ಮತ್ತೊಮ್ಮೆ ಹಾಕಿ ಆ ಚಪ್ಪಾಳೆ ಕೇಳಿದೆ. ಸಾವಿರ ಕಂಬದ ಮಾತಿಗೆ ಇಷ್ಟು ಬಿದ್ದಿರಲಿಲ್ಲ. ಇಷ್ಟು ಬಿದ್ದ ಮೇಲೆ ಅವರು ಅದನ್ನು ಬಿಡುವವರಲ್ಲ. ಅದರ ನಂತರದ ಸಭೆಯಲ್ಲಿ ಮೈಕಿನ ವಯರನ್ನೇ ಕತ್ತರಿಸಿದರು ಅಂತಾಯಿತು. ಇನ್ನೊಂದರಲ್ಲಿ, ಕತ್ತರಿಸಿದವರು ಯಾರು ಅಂತ ನಿಮಗೆ ಗೊತ್ತು ಅಂದರು. ಹೆಸರು ಹೇಳಲಿಲ್ಲ. ನನ್ನ ಅಂಗಡಿಯ ಬೋರ್ಡಿನಲ್ಲಿ ಹೆಸರು ದೊಡ್ಡದಾಗಿಯೇ ಉಂಟು. ನಮ್ಮ ಊರಲ್ಲಿ ಹೆಸರು ನೋಡಿ ಜಾತಿ ತಿಳಿದು, ಉಳಿದದ್ದನ್ನು ಜನರೇ ತುಂಬಿಸಿಕೊಳ್ಳುತ್ತಾರೆ.

ಅಂಗಡಿಯ ಎದುರು ಬೈಕುಗಳು ನಿಧಾನ ಆಗತೊಡಗಿದವು. ನಿಲ್ಲುವುದಿಲ್ಲ, ನಿಧಾನ ಆಗುತ್ತವೆ, ಅಷ್ಟೇ. ಫೋನು ಎತ್ತಿದರೆ ಆ ಕಡೆ ಮಾತಿಲ್ಲ. ಹೆಂಡತಿ ಬೋರ್ಡು ತೆಗೆಯಿರಿ ಅಂದಳು, ತೆಗೆದೆ. ಗೋಡೌನಿನಲ್ಲಿ ಇರುವುದು ಪೂರಾ ಬಟ್ಟೆ ಮತ್ತು ಮರ. ಒಂದು ಬೆಂಕಿಕಡ್ಡಿಯ ಕೆಲಸ. ಮಧ್ಯಾಹ್ನ ಊಟಕ್ಕೆ ಹೋದರೂ ಗೋಡೌನಿನ ಕಡೆ ಹೊಗೆ ಕಾಣುತ್ತದೋ ಅಂತ ನೋಡುತ್ತಿದ್ದೆ. ಭಾವ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು, ಪಕ್ಷದ ಆಫೀಸಿಗೆ ಹೋಗಿ ಕೈ ತೋರಿಸಿ ಸತ್ಯ ಹೇಳುವ ಅಂದರು. ಸತ್ಯ ಅವರಿಗೆ ಮೊದಲೇ ಗೊತ್ತುಂಟು ಭಾವ, ಅದಕ್ಕೆ ಬೆಲೆ ಕಟ್ಟಬೇಕು ಅಂದೆ ನಾನು.

ಮುಖಂಡರ ಮನೆಗೆ ಒಬ್ಬನೇ ಹೋದೆ. ಸೀಳಿದ ತೊಲೆಯ ಫೋಟೋ, ಮಣ್ಣಿನಲ್ಲಿ ಇಳಿದ ಕಾಲಿನ ಫೋಟೋ, ಭಾವನ ಬೆರಳಿನ ಫೋಟೋ, ಒಂದೊಂದಾಗಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಯಾರಿಗೆಲ್ಲ ಕಳಿಸಿದ್ದೀರಿ?" ಅಂದರು.

"ಯಾರಿಗೂ ಇಲ್ಲ. ನಿಮ್ಮ ನಾಯಕರು ಆ ಮಾತು ನಿಲ್ಲಿಸಿದ್ರೆ ಇನ್ನು ಮುಂದೆಯೂ ಇಲ್ಲ."

"ಅದಕ್ಕೆ ಒಳ್ಳೆ ಚಪ್ಪಾಳೆ ಬೀಳ್ತಾ ಉಂಟು ಸಾಹೇಬ್ರೇ."

"ನಿಮ್ಮ ದೊಡ್ಡವರೆಲ್ಲ ವೇದಿಕೆ ಸಮೇತ ಮುಂದೆ ಕೂತ ಹೆಂಗಸರ ಮೇಲೆ ಬೀಳ್ತಿದ್ರು ಅಂತ ಪೇಪರಿನಲ್ಲಿ ಬಂದ್ರೆ ಅದಕ್ಕೂ ಚಪ್ಪಾಳೆ ಬೀಳ್ತದಾ?"

ಅವರು ಒಳಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಮಾತು ನಿಲ್ಲುತ್ತದೆ ಅಂದರು. ಆದರೆ ಈ ಚುನಾವಣೆ ಮುಗಿಯುವವರೆಗೆ ನಾನು ಯಾವ ಪಕ್ಷಕ್ಕೂ ವೇದಿಕೆ ಹಾಕಬಾರದು. ಎದುರಿನವರ ಸಭೆಯಲ್ಲಿ ನನ್ನ ಲಾರಿ ಕಂಡರೆ ನಮ್ಮ ಹುಡುಗರನ್ನು ತಡೆದು ಹಿಡಿಯುವುದು ಕಷ್ಟ ಅಂದರು. ಅದು ಬೆದರಿಕೆಯೋ ಕಾಳಜಿಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಾನು ಚರ್ಚೆ ಮಾಡಲಿಲ್ಲ. ಅವರು ಹೇಳಿದ ದರಕ್ಕೆ ಒಪ್ಪಿದ್ದು ಜೀವನದಲ್ಲಿ ಅದೊಂದೇ ಸಲ. ಮುಂದಿನ ಸಭೆಯಲ್ಲಿ ಆ ಮಾತು ಬರಲಿಲ್ಲ. ಅಂಗಡಿಯ ಎದುರು ಬೈಕುಗಳ ಓಡಾಟ ನಿಲ್ಲುವುದಕ್ಕೆ ಇನ್ನೂ ಕೆಲವು ವಾರ ಹಿಡಿಯಿತು. ಚಪ್ಪಾಳೆಯಷ್ಟು ಬೇಗ ಅದು ನಿಲ್ಲುವುದಿಲ್ಲ.

ಭಾವನ ಒಂದು ಬೆರಳು ಸರಿಯಾಯಿತು, ಇನ್ನೊಂದು ಮಡಚುವುದಿಲ್ಲ. ನಾವೀಗ ಕಬ್ಬಿಣದ ಪೈಪಿನ ವೇದಿಕೆ ಮಾಡಿಸಿದ್ದೇವೆ. ಆದರೂ ಮೇಲೆ ಜನ ಎದ್ದು ನಿಂತರೆ ನನ್ನ ಮುಂಗೈ ತಾನಾಗಿಯೇ ಬಿಗಿಯುತ್ತದೆ, ಅಲ್ಲಿ ಹಗ್ಗ ಇಲ್ಲದಿದ್ದರೂ.

ಇನ್ನು ನಿಮಗೆ. ಮತ್ತೆ ಚುನಾವಣೆ ಬರುತ್ತದೆ, ನಿಮ್ಮ ಹೆಸರನ್ನೂ ಯಾರೋ ಕರೆಯುತ್ತಾರೆ. ಹತ್ತುವ ಮೊದಲು ಮುಂದಿನ ಕಾಲುಗಳು ಯಾವ ಮಣ್ಣಿನ ಮೇಲೆ ಉಂಟು ನೋಡಿ. ಹೊಸದಾಗಿ ತುಂಬಿಸಿದ ಮಣ್ಣಾದರೆ, ಕೆಳಗೇ ಕೂತು ಕೈ ಮುಗಿದುಬಿಡಿ, ಯಾರೂ ತಪ್ಪು ತಿಳಿದುಕೊಳ್ಳುವುದಿಲ್ಲ. ಹತ್ತಿದರೆ ಹಿಂದಿನ ಸಾಲಿನ ಕುರ್ಚಿ ಹಿಡಿಯಿರಿ, ಫೋಟೋಕ್ಕೆ ಎಲ್ಲರೂ ಎದ್ದಾಗ ಕೂತೇ ಇರಿ. ಪೇಪರಿನಲ್ಲಿ ನಿಮ್ಮ ಕೈ ಬರದಿದ್ದರೆ ಟಿಕೆಟ್ ಹೋಗುವುದಾದರೆ ಅದು ನಿಮಗೆ ಬರುವ ಟಿಕೆಟ್ಟೇ ಆಗಿರಲಿಲ್ಲ. ಸಭೆ ಮಾಡಿಸುವವರಾದರೆ ಎಷ್ಟು ಜನ ಅಂತ ಬಾಯಿಮಾತಿನಲ್ಲಿ ಬಿಡಬೇಡಿ, ಮೆಟ್ಟಿಲಿನ ಹತ್ತಿರ ಬೇರೆ ಊರಿನವರೊಬ್ಬರನ್ನು ನಿಲ್ಲಿಸಿ. ನಮ್ಮ ಊರಿನವರಿಗೆ ಇಲ್ಲ ಅನ್ನಲು ಬರುವುದಿಲ್ಲ. ಮೈಕಿನವರಾದರೆ ಟೇಬಲ್ಲನ್ನು ಯಾವಾಗಲೂ ವೇದಿಕೆಯ ಹಿಂದೆಯೇ ಇಡಿ, ಒಡೆದದ್ದರ ಫೋಟೋ ಅಲ್ಲಿಯೇ, ಆಗಲೇ ತೆಗೆಯಿರಿ. ಮತ್ತೆ ವೇದಿಕೆಯ ಸುತ್ತ ಕಟ್ಟಿದ ಬಟ್ಟೆ ಎಷ್ಟೇ ಚಂದ ಇರಲಿ, ಒಂದು ಬದಿಯನ್ನು ಬಿಗಿಯದೆ ಬಿಡಿ.